ಫ್ರುಂಡ್ಸ್‌ಬರ್ಗ್‌ನ ಕೂಲಿ ಪಡೆ: ಸಂಬಳ, ಹಾಜರಿ, ಭರ್ಜಿ ಬಗ್ಗೆ ತಿಳಿದವರು ಹೇಳಿ

ಮಾಟುಂಗಾ ಮೇಳ:

ಎಲ್ಲರಿಗೂ ನಮಸ್ಕಾರ. ಮಾಟುಂಗಾದಲ್ಲಿ ಆಡುವುದಕ್ಕೆ ನಲವತ್ತು ನಿಮಿಷದ ಒಂದು ಏಕಾಂಕ ತಯಾರಾಗುತ್ತಿದೆ. ಕಥಾನಾಯಕ ಗೆಯೋರ್ಗ್ ಫೋನ್ ಫ್ರುಂಡ್ಸ್‌ಬರ್ಗ್. ಜರ್ಮನಿಯ ಮಿಂಡೆಲ್‌ಹೈಮ್‌ನಲ್ಲಿ 1473ರಲ್ಲಿ ಹುಟ್ಟಿ, ಅಲ್ಲೇ 1528ರಲ್ಲಿ ತೀರಿಕೊಂಡ ಕೂಲಿ ಪಡೆಯ ದಳಪತಿ. ಕೊನೆಯ ದೃಶ್ಯ 1527ರ ಮಾರ್ಚ್‌ನದು: ಅವನದೇ ಸೈನಿಕರು ಸಂಬಳ ಕೇಳುತ್ತಾ ಅವನ ಕಡೆಗೇ ಭರ್ಜಿ ತಿರುಗಿಸುತ್ತಾರೆ, ಅವನು ಡೋಲಿನ ಮೇಲೆ ಕುಸಿದು ಕೂರುತ್ತಾನೆ.

ಬರಹ ಮುಗಿದಿದೆ, ಆದರೆ ಕೆಲವು ಕಡೆ ಗಟ್ಟಿಯಾಗಿ ಗೊತ್ತಿಲ್ಲದೆ ಸಡಿಲವಾಗಿದೆ. ಒಬ್ಬ ಸೈನಿಕನ ಸಂಬಳ ಎಷ್ಟು? ಕೊಡಬೇಕಾದವರು ಯಾರು? ಚಕ್ರವರ್ತಿಯ ದಳಪತಿಯ ಹತ್ತಿರ ದುಡ್ಡಿಲ್ಲ ಅಂದರೆ ಪ್ರೇಕ್ಷಕರು ನಂಬುತ್ತಾರೆಯೇ? ಪಡೆಗೆ ಸೇರಿಸಿಕೊಳ್ಳುವ ಕ್ರಮದಲ್ಲಿ ರಂಗದ ಮೇಲೆ ತೋರಿಸುವಂಥದ್ದು ಏನಾದರೂ ಇತ್ತೇ? ಭರ್ಜಿ ಎಷ್ಟು ಉದ್ದ? ಇನ್ನೊಂದು: ಎದೆಕವಚದ ಮೇಲೆ ‘ದೇವರ ಶತ್ರು, ಕರುಣೆಯ ಶತ್ರು’ ಎಂದು ಬೆಳ್ಳಿಯಲ್ಲಿ ಬರೆಸಿಕೊಂಡಿದ್ದ ಎಂದು ಒಂದು ಕಡೆ ಓದಿ, ವೇಷಭೂಷಣದವರು ಅದನ್ನೇ ಹಿಡಿದಿದ್ದಾರೆ. ಅದು ಸರಿಯೇ?

ಸದಾಶಿವಪೇಠೆ ಕಾಲಾಳು:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ಅದು ತಪ್ಪಿದರೆ ಇಡೀ ಪಾತ್ರವೇ ತಪ್ಪುತ್ತದೆ. ಆ ಎದೆಕವಚ ಫ್ರುಂಡ್ಸ್‌ಬರ್ಗ್‌ನದಲ್ಲ. ಅದು ವೆರ್ನರ್ ಫೋನ್ ಉರ್ಸ್ಲಿಂಗನ್ ಎಂಬವನದು ಎಂದು ಹೇಳಲಾಗುತ್ತದೆ. ಅವನೂ ಜರ್ಮನ್, ಅವನೂ ಇಟಲಿಯಲ್ಲೇ ಹೋರಾಡಿದವನು, ಆದರೆ ಕಾಲ 1340ರ ದಶಕ. ಇಬ್ಬರ ನಡುವೆ ಹೆಚ್ಚುಕಡಿಮೆ ಇನ್ನೂರು ವರ್ಷದ ಅಂತರ ಇದೆ.

ಕಸುಬೂ ಬೇರೆ. 1342ರಲ್ಲಿ ಪೀಸಾ ನಗರ ತನ್ನ ಯುದ್ಧ ಮುಗಿದ ಮೇಲೆ ಕೂಲಿ ಸವಾರರನ್ನು ಕೈಬಿಟ್ಟಾಗ, ವೆರ್ನರ್ ಅವರನ್ನೆಲ್ಲ ಸೇರಿಸಿ ‘ಮಹಾ ಪಡೆ’ ಕಟ್ಟಿದ. ಅದಕ್ಕೆ ಧಣಿಯೇ ಇರಲಿಲ್ಲ. ಊರಿನಿಂದ ಊರಿಗೆ ಹೋಗಿ, ‘ದುಡ್ಡು ಕೊಟ್ಟರೆ ಮುಂದೆ ಹೋಗುತ್ತೇವೆ, ಇಲ್ಲದಿದ್ದರೆ ಸುಡುತ್ತೇವೆ’ ಎಂದು ವಸೂಲಿ ಮಾಡುವುದೇ ಅದರ ಬದುಕು. ಅವನ ನಂತರ ಕೊನ್ರಾಡ್ ಫೋನ್ ಲಾಂಡೌ ಅದೇ ದಾರಿ ಹಿಡಿದು 1363ರಲ್ಲಿ ಕಾದಾಟದಲ್ಲಿ ಸತ್ತ.

ಫ್ರುಂಡ್ಸ್‌ಬರ್ಗ್‌ಗೆ ಮಾತ್ರ ಬಹುಮಟ್ಟಿಗೆ ಕೊನೆಯವರೆಗೂ ಒಂದೇ ಧಣಿಮನೆ, ಹಾಬ್ಸ್‌ಬರ್ಗ್. 1499ರಲ್ಲಿ ಸ್ವಿಸ್ ಜನರ ವಿರುದ್ಧ ಆ ಮನೆತನದ ರಾಜ ಮಾಕ್ಸಿಮಿಲಿಯನ್‌ನ ಪರ ಹೋರಾಡಿದ, 1504ರಲ್ಲಿ ಅವನ ಕೈಯಿಂದಲೇ ನೈಟ್ ಪದವಿ ಪಡೆದ, ಆಮೇಲೆ ಅವನ ಮೊಮ್ಮಗ, ಚಕ್ರವರ್ತಿ ಐದನೇ ಚಾರ್ಲ್ಸ್‌ನ ಪರ ಹೋರಾಡಿದ. ಜೊತೆಗೆ ಅವನು ಮುಖ್ಯವಾಗಿ ಕಾಲಾಳುಗಳ ನಾಯಕ. ಎತ್ತರದ ಭಾರೀ ಆಳು, ಕುದುರೆ ಬಿಟ್ಟು ಮುಂಚೂಣಿಯಲ್ಲಿ ನಿಂತು ಹೊಡೆದಾಡುತ್ತಿದ್ದ. ಸೈನಿಕರು ಅವನನ್ನು ತಂದೆಯೆಂದೇ ಕರೆಯುತ್ತಿದ್ದರು. ಕೊನೆಯ ದೃಶ್ಯದ ನೋವೆಲ್ಲ ಈ ಒಂದು ಸಂಬಂಧದಲ್ಲಿದೆ. ದಯವಿಟ್ಟು ಆ ಬೆಳ್ಳಿ ಅಕ್ಷರ ತೆಗೆಸಿ.

ಉಡುಪು ಕಪ್ಪೂ ಬೇಡ. ಲಾಂಡ್ಸ್‌ಕ್ನೆಕ್ಟ್‌ಗಳು, ಅಂದರೆ ಈ ಕಾಲಾಳುಗಳು, ಕಣ್ಣು ಕುಕ್ಕುವ ಬಣ್ಣದವರು. ತೋಳು, ತೊಡೆಯ ಬಟ್ಟೆಯನ್ನು ಉದ್ದಕ್ಕೆ ಸೀಳಿ ಒಳಗಿನ ಬೇರೆ ಬಣ್ಣದ ಬಟ್ಟೆಯನ್ನು ಹೊರಗೆ ಉಬ್ಬಿಸುತ್ತಿದ್ದರು. ಎರಡು ಕಾಲಿಗೆ ಎರಡು ಬಣ್ಣ. ಸೊಂಟದಲ್ಲಿ ಅಗಲ ಅಲಗಿನ ಗಿಡ್ಡ ಕತ್ತಿ. ಅದರ ಹಿಡಿಯ ಕಾಪು ಎಂಟರ ಆಕಾರದಲ್ಲಿ ಸುತ್ತಿಕೊಂಡಿರುತ್ತದೆ. ಇದಕ್ಕೆ ಕಾಟ್ಸ್‌ಬಾಲ್ಗರ್ ಎಂದು ಹೆಸರು.

ಠಾಣೆ ಹಾಜರಿಪಟ್ಟಿ:

ಸಂಬಳದ ಲೆಕ್ಕ ನಾನು ಬಿಡಿಸಿ ಹೇಳುತ್ತೇನೆ.

ಸಾಮಾನ್ಯ ಸೈನಿಕನಿಗೆ ತಿಂಗಳಿಗೆ 4 ಗುಲ್ಡನ್ (ಆಗಿನ ಜರ್ಮನ್ ನಾಣ್ಯ). ಒಳ್ಳೆಯ ಕವಚ ಇರುವವನು, ಅನುಭವಿ, ಮುಂದಿನ ಸಾಲಿನಲ್ಲಿ ನಿಲ್ಲುವವನು ಇಮ್ಮಡಿ ಸಂಬಳದವನು: 8 ಗುಲ್ಡನ್. ಕಪ್ತಾನನಿಗೆ ಹತ್ತು ಪಟ್ಟು, 40 ಗುಲ್ಡನ್. ಒಂದು ಬಾವುಟದ ಕೆಳಗೆ ಸುಮಾರು 400 ಜನ, ಅದರಲ್ಲಿ ನೂರರಷ್ಟು ಇಮ್ಮಡಿಯವರು. ಈಗ ಕೂಡಿಸಿ: 300 ಜನಕ್ಕೆ 1,200, ನೂರು ಜನಕ್ಕೆ 800, ಒಟ್ಟು 2,000. ಹತ್ತು ಹನ್ನೆರಡು ಬಾವುಟ ಸೇರಿದರೆ ಒಂದು ದೊಡ್ಡ ರೆಜಿಮೆಂಟು.

1526ರ ಶರತ್ಕಾಲದಲ್ಲಿ ಅವನು ಸೇರಿಸಿದ್ದು 12,000ಕ್ಕೂ ಹೆಚ್ಚು ಜನ. ಅಂದರೆ ಸುಮಾರು 30 ಬಾವುಟ, ತಿಂಗಳಿಗೆ 60,000 ಗುಲ್ಡನ್, ಅಧಿಕಾರಿಗಳದ್ದು ಬೇರೆ. ಚಕ್ರವರ್ತಿಯಿಂದ ಬಂದ ಹಣ ಸಾಲದೆ, ಫ್ರುಂಡ್ಸ್‌ಬರ್ಗ್ ಸಾಲ ಮಾಡಿ, ಆಸ್ತಿಪಾಸ್ತಿ ಮಾರಿ ಒತ್ತೆಯಿಟ್ಟು ಒಟ್ಟು ಮಾಡಿದ್ದು 38,000 ಗುಲ್ಡನ್. ಒಂದು ತಿಂಗಳ ಸಂಬಳಕ್ಕೂ ಸಾಲದು. ನವೆಂಬರ್‌ನಲ್ಲಿ ಆಲ್ಪ್ಸ್ ದಾಟಿದವರು ಮಾರ್ಚ್‌ವರೆಗೆ ಇಟಲಿಯಲ್ಲಿದ್ದರು. ನಾಟಕದಲ್ಲಿ ಈ ಎರಡು ಅಂಕಿ, 60,000 ಮತ್ತು 38,000, ಯಾರ ಬಾಯಲ್ಲಾದರೂ ಬರಲಿ. ಪ್ರೇಕ್ಷಕರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಇನ್ನೊಂದು ಮಾತು ಬಹಳ ಮುಖ್ಯ. ಈ ಸಂಬಳ ಕೈಖರ್ಚಿನ ದುಡ್ಡಲ್ಲ, ಅದೇ ಊಟ. ಭರ್ಜಿ, ಕತ್ತಿ, ಬಟ್ಟೆ, ಚಪ್ಪಲಿ ಎಲ್ಲ ಸೈನಿಕನದೇ, ಮರಾಠರ ಕಡೆ ಶಿಲೇದಾರ ತನ್ನ ಕುದುರೆ, ಆಯುಧ ತಾನೇ ತರುತ್ತಿದ್ದ ಹಾಗೆ. ರೊಟ್ಟಿ, ಮಾಂಸ, ವೈನು ಪಡೆಯ ಹಿಂದೆ ಬರುವ ವ್ಯಾಪಾರಿಗಳಿಂದ ಕೊಳ್ಳಬೇಕು. ದರ ಕಟ್ಟುವುದು ಪ್ರೊಫೋಸ್ ಎಂಬ ಅಧಿಕಾರಿ. ಶಿಸ್ತು, ಸೆರೆ, ಶಿಕ್ಷೆ ಕೂಡ ಅವನದೇ. ಸಂಬಳ ಒಂದು ತಿಂಗಳು ತಡವಾದರೆ ಸೈನಿಕ ವ್ಯಾಪಾರಿಗೆ ಸಾಲಗಾರ. ಎರಡು ತಿಂಗಳಾದರೆ ವ್ಯಾಪಾರಿ ಉದ್ರಿ ನಿಲ್ಲಿಸುತ್ತಾನೆ. ಮೂರನೇ ತಿಂಗಳು ಸೈನಿಕ ಹತ್ತಿರದ ಹಳ್ಳಿಗೆ ನುಗ್ಗುತ್ತಾನೆ. ಹಳ್ಳಿ ಬರಿದಾದ ಮೇಲೆ ಇಡೀ ಪಡೆ ಹಸಿಯುತ್ತದೆ. ದಂಗೆಯನ್ನು ದುರಾಸೆ ಎಂದು ತೋರಿಸಿದರೆ ಅನ್ಯಾಯವಾಗುತ್ತದೆ. ಅದು ಹಸಿವಿನ ಕೊನೆಯ ಮೆಟ್ಟಿಲು.

ದಳಪತಿ ಎಂದರೆ ಇಲ್ಲಿ ಗುತ್ತಿಗೆದಾರ. ಪಶ್ಚಿಮ ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವ ಟೋಳಿಯ ಮುಕಾದಮನನ್ನು ನೆನೆಸಿಕೊಳ್ಳಿ. ಕಾರ್ಖಾನೆಯಿಂದ ಮುಂಗಡ ತಂದು, ಊರೂರಿಂದ ಜನ ಕೂಡಿಸಿ, ಕೆಲಸಕ್ಕೆ ತಾನೇ ಹೊಣೆ ನಿಲ್ಲುತ್ತಾನೆ. ಮೇಲಿನಿಂದ ಹಣ ನಿಂತರೆ ಟೋಳಿ ಹಿಡಿಯುವುದು ಅವನ ಕೊರಳಪಟ್ಟಿಯನ್ನು, ಕಾರ್ಖಾನೆಯ ಅಧ್ಯಕ್ಷನದ್ದಲ್ಲ.

ಪಣಜಿ ಬಂದರು:

ಮೇಲಿನಿಂದ ಹಣ ಯಾಕೆ ನಿಂತಿತು ಎನ್ನುವುದಕ್ಕೆ ಸ್ವಲ್ಪ ಸೇರಿಸುತ್ತೇನೆ.

ಚಾರ್ಲ್ಸ್ 1519ರಲ್ಲಿ ಚಕ್ರವರ್ತಿಯಾಗಿ ಆಯ್ಕೆಯಾಗಲು ಮತ ಹಾಕುವ ರಾಜರಿಗೆ ಹಂಚಿದ್ದು ಸುಮಾರು 8,52,000 ಗುಲ್ಡನ್. ಅದರಲ್ಲಿ 5,43,000ಕ್ಕೂ ಮೇಲೆ ಆಗ್ಸ್‌ಬರ್ಗ್‌ನ ಯಾಕೋಬ್ ಫುಗ್ಗರ್ ಎಂಬ ಸಾಹುಕಾರನ ಸಾಲ. ಪಟ್ಟಕ್ಕೆ ಬರುವಾಗಲೇ ಹೆಗಲ ಮೇಲೆ ಸಾಲದ ಮೂಟೆ. ಫುಗ್ಗರ್ 1525ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಮರುವರ್ಷ, 1526ರ ಆಗಸ್ಟ್ 29ರಂದು, ಮೊಹಾಚ್‌ನಲ್ಲಿ ತುರ್ಕರ ಎದುರು ಹಂಗೇರಿಯ ರಾಜ ಸತ್ತ. ಚಾರ್ಲ್ಸ್‌ನ ತಮ್ಮ ಫರ್ಡಿನಾಂಡ್‌ಗೆ ಆ ಕಡೆಯ ಸಿಂಹಾಸನವೂ ಬೇಕು, ಗಡಿಯ ಕಾವಲೂ ಬೇಕು. ಅದೇ ಶರತ್ಕಾಲದಲ್ಲಿ ಇಟಲಿಗೂ ಪಡೆ ಬೇಕಾಯಿತು. ಇದ್ದ ಹಣ ಮೂರು ಕಡೆ ಹರಿದುಹೋಯಿತು.

ನಮ್ಮ ಕಡೆಯವರಿಗೆ ಹತ್ತಿರವಾಗುವ ಒಂದು ಸಂಗತಿ: ಇದೇ ಆಗ್ಸ್‌ಬರ್ಗ್‌ನ ಫುಗ್ಗರ್, ವೆಲ್ಸರ್ ಮನೆತನದವರು 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡನ ನೌಕಾಪಡೆಯಲ್ಲಿ ಮೆಣಸಿನ ವ್ಯಾಪಾರಕ್ಕೆ ಬಂಡವಾಳ ಹೂಡಿದ್ದರು. ಆ ಹಡಗುಗಳು ಬಂದು ತಂಗಿದ್ದು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ; ಅಲ್ಮೇಡ ಅಲ್ಲೇ ಕೋಟೆ ಕಟ್ಟಿಸಿ, ಅದೇ ವರ್ಷ ಹೊನ್ನಾವರದ ಮೇಲೂ ದಾಳಿ ಮಾಡಿದ. ಮಿಂಡೆಲ್‌ಹೈಮ್ ಆಗ್ಸ್‌ಬರ್ಗ್‌ಗೆ ದೂರವೇನಲ್ಲ. ನಿಮ್ಮ ನಾಯಕ ದುಡ್ಡಿಗಾಗಿ ಓಡಾಡಿದ ಪೇಟೆಯ ಮನೆತನಗಳಿಗೆ ನಮ್ಮ ಕರಾವಳಿಯ ಹೆಸರು ಗೊತ್ತಿತ್ತು. ನಾಟಕದಲ್ಲಿ ಸಾಹುಕಾರನ ಪಾತ್ರ ಇದ್ದರೆ ಅವನ ಮೇಜಿನ ಮೇಲೆ ಒಂದು ಹಿಡಿ ಕಾಳುಮೆಣಸು ಇಡಿಸಿ.

ಠಾಣೆ ಹಾಜರಿಪಟ್ಟಿ:

ಸೇರಿಸಿಕೊಳ್ಳುವ ಕ್ರಮ ಕೇಳಿದ್ದಿರಿ. ರಂಗಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಮೊದಲು ದಳಪತಿಗೆ ಮೇಲಿನಿಂದ ಅಧಿಕಾರಪತ್ರ ಬರುತ್ತದೆ. ಅವನು ಕಪ್ತಾನರನ್ನು ಆರಿಸುತ್ತಾನೆ. ಅವರು ಊರೂರಿನಲ್ಲಿ ಡೋಲು, ಕೊಳಲು ಬಾರಿಸಿ, ಬಂದವನ ಹೆಸರು ಬರೆದು, ದಾರಿಖರ್ಚಿಗೆ ಸ್ವಲ್ಪ ಹಣ ಕೊಟ್ಟು, ಇಂಥ ದಿನ ಇಂಥ ಬಯಲಿಗೆ ಬಾ ಎನ್ನುತ್ತಾರೆ. ಆ ಬಯಲಿನಲ್ಲಿ ಎರಡು ಹಾಲ್‌ಬರ್ಡ್ ನೆಲಕ್ಕೆ ನೆಟ್ಟು, ಮೇಲೆ ಅಡ್ಡಲಾಗಿ ಒಂದು ಭರ್ಜಿ ಇಟ್ಟು ಬಾಗಿಲು ಮಾಡುತ್ತಾರೆ. ಹಾಲ್‌ಬರ್ಡ್ ಎಂದರೆ ಕೊಡಲಿಯೂ ಮೊನೆಯೂ ಇರುವ ಆಳೆತ್ತರ ಮೀರಿದ ಕೋಲು. ಪಕ್ಕದಲ್ಲಿ ಮೇಜು, ಅಲ್ಲಿ ಹಾಜರಿ ಅಧಿಕಾರಿ, ಖಜಾಂಚಿ, ಗುಮಾಸ್ತ. ಪ್ರತಿಯೊಬ್ಬನೂ ತನ್ನ ಆಯುಧ ಹಿಡಿದು ಆ ಬಾಗಿಲಿನ ಕೆಳಗೆ ಹಾದುಹೋಗಬೇಕು. ಮೈಕಟ್ಟು, ಆಯುಧ, ಕವಚ ನೋಡಿ ಅವನು ಒಂಟಿ ಸಂಬಳದವನೋ ಇಮ್ಮಡಿಯವನೋ ಎಂದು ಅಲ್ಲೇ ತೀರ್ಮಾನ.

ಮೋಸ ನಡೆಯುವುದೂ ಇಲ್ಲೇ. ಹಾಜರಿ ಅಧಿಕಾರಿ ಧಣಿಯ ಕಡೆಯವನು, ಕಪ್ತಾನನಿಗೆ ಪಟ್ಟಿ ಉದ್ದವಾದಷ್ಟೂ ಲಾಭ. ಒಬ್ಬನ ಕವಚ ಬಾಗಿಲು ದಾಟಿದ ಮೇಲೆ ಹಿಂದಿನಿಂದ ಇನ್ನೊಬ್ಬನ ಮೈಗೇರುತ್ತದೆ. ಅಡುಗೆಯ ಹುಡುಗನಿಗೆ ಭರ್ಜಿ ಕೊಟ್ಟು ನಡೆಸುತ್ತಾರೆ. ಹೆಂಗಸರಿಗೆ ಗಂಡುಡುಪು ತೊಡಿಸಿ ಪಟ್ಟಿಗೆ ಹತ್ತಿಸುವುದೂ ಇತ್ತು. ಯುದ್ಧದಲ್ಲಿ ಸತ್ತವನ ಹೆಸರನ್ನು ಅಳಿಸದೆ ಸಂಬಳ ಎತ್ತುತ್ತಾರೆ. ಕಾಮಗಾರಿಯ ಸುಳ್ಳು ಮಸ್ಟರ್ ರೋಲ್ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಇದರ ಕೆಟ್ಟ ಫಲ ರಣದಲ್ಲಿ ಗೊತ್ತಾಗುತ್ತದೆ: ಕಾಗದದಲ್ಲಿ 400, ಸಾಲಿನಲ್ಲಿ 300.

ಹಾಜರಿ ಮುಗಿದ ಮೇಲೆ ಎಲ್ಲರೂ ದುಂಡಗೆ ನಿಲ್ಲುತ್ತಾರೆ. ನಡುವೆ ನಿಂತು ನಿಯಮಪತ್ರ ಓದುತ್ತಾರೆ: ಅಪ್ಪಣೆಯಿಲ್ಲದೆ ಲೂಟಿ ಮಾಡಬಾರದು, ಹೆಂಗಸರು, ಮಕ್ಕಳು, ಪಾದ್ರಿಗಳ ಮೇಲೆ ಕೈ ಮಾಡಬಾರದು, ಹಿಟ್ಟಿನ ಗಿರಣಿ ಹಾಳು ಮಾಡಬಾರದು, ಸಂಬಳ ಕೆಲವು ದಿನ ತಡವಾದರೆ ತಾಳಬೇಕು. ಎಲ್ಲರೂ ಕೈಯೆತ್ತಿ ಆಣೆ ಇಡುತ್ತಾರೆ. ನಿಮ್ಮ ಮೊದಲ ದೃಶ್ಯ ಈ ದುಂಡು ಆಗಲಿ. ಕೊನೆಯ ದೃಶ್ಯವೂ ಅದೇ ದುಂಡು, ಯಾಕೆಂದರೆ 1527ರಲ್ಲಿ ಅವನು ಮಾತನಾಡಲು ಸೈನಿಕರನ್ನು ಕರೆದದ್ದು ಅದೇ ಪದ್ಧತಿಯಲ್ಲಿ.

ಮಾಟುಂಗಾ ಮೇಳ:

ತುಂಬಾ ಉಪಕಾರವಾಯಿತು. ಬೆಳ್ಳಿ ಅಕ್ಷರ ತೆಗೆದಾಯಿತು. ಒಂದು ಅನುಮಾನ ಉಳಿದಿದೆ. ಸಂಬಳ ಅಷ್ಟು ತಡವಾಗುವುದು ಹೊಸದಲ್ಲ ಅನ್ನಿಸುತ್ತದೆ. ಹಾಗಿದ್ದರೆ ಮೊದಲು ಯಾಕೆ ದಂಗೆಯಾಗಲಿಲ್ಲ? ಅವನ ಗೆಲುವುಗಳನ್ನು ಸಂಭಾಷಣೆಯಲ್ಲಿ ಹೇಳಬೇಕೆಂದರೆ ಯಾವುದನ್ನು ಎತ್ತಿಕೊಳ್ಳಲಿ?

ಸದಾಶಿವಪೇಠೆ ಕಾಲಾಳು:

ಎರಡೇ ಸಾಕು, ಬಿಕೋಕ್ಕಾ ಮತ್ತು ಪಾವಿಯಾ. ಎರಡರ ಹಿಂದೆಯೂ ಬಾಕಿ ಸಂಬಳವೇ ಇದೆ.

ಬಿಕೋಕ್ಕಾ ಮಿಲಾನ್‌ನ ಉತ್ತರಕ್ಕಿರುವ ಒಂದು ತೋಟದ ಮನೆ. ದಿನ 1522ರ ಏಪ್ರಿಲ್ 27. ಫ್ರೆಂಚರ ಪರ ಇದ್ದ ಸ್ವಿಸ್ ಕೂಲಿ ಪಡೆಗೆ ಸಂಬಳ ಬಂದಿರಲಿಲ್ಲ. ಒಂದೋ ದುಡ್ಡು ಕೊಡಿ, ಇಲ್ಲ ಯುದ್ಧ ಕೊಡಿ, ಇಲ್ಲ ಊರಿಗೆ ಹೋಗುತ್ತೇವೆ ಎಂದು ಹಟ ಹಿಡಿದರು. ಫ್ರೆಂಚ್ ಸೇನಾಪತಿ ಲೋತ್ರೆಕ್ ಮನಸ್ಸಿಲ್ಲದೆ ಒಪ್ಪಿದ. ಎದುರಿನ ಜಾಗ ನೋಡಿ: ತೋಟದ ಮುಂದೆ ನೆಲದಿಂದ ತಗ್ಗಾದ ಒಂದು ರಸ್ತೆ, ಅದರ ಒಳದಡದಲ್ಲಿ ಮಣ್ಣಿನ ಏರಿ, ಏರಿಯ ಮೇಲೆ ನಾಲ್ಕು ಸಾಲು ಸ್ಪ್ಯಾನಿಷ್ ಬತ್ತಿ ಬಂದೂಕಿನವರು, ಅವರ ಹಿಂದೆ ಫ್ರುಂಡ್ಸ್‌ಬರ್ಗ್‌ನ ಭರ್ಜಿಗಳು. ಸ್ವಿಸ್ ಎರಡು ದೊಡ್ಡ ಚೌಕಗಳಾಗಿ ತೋಪಿನ ಗುಂಡು ತಿನ್ನುತ್ತಲೇ ಬಂದರು. ತಗ್ಗಿನ ರಸ್ತೆಗೆ ಇಳಿದ ಮೇಲೆ ಅವರ ಉದ್ದ ಭರ್ಜಿಯ ಮೊನೆ ಏರಿಯ ಮೇಲಿನವರಿಗೆ ಮುಟ್ಟಲಿಲ್ಲ. ಮುಂದಿನ ಸಾಲು ಗುಂಡು ಹಾರಿಸಿ ಮಂಡಿಯೂರುತ್ತಿತ್ತು, ಹಿಂದಿನದು ಹಾರಿಸುತ್ತಿತ್ತು. ಏರಿ ಹತ್ತಿದವರಿಗೆ ಲಾಂಡ್ಸ್‌ಕ್ನೆಕ್ಟ್ ಭರ್ಜಿ. ಸುಮಾರು ಅರ್ಧ ಗಂಟೆಯೊಳಗೆ 3,000 ಸ್ವಿಸ್ ಸತ್ತರು. ಅವರ ನಾಯಕರಾದ ವಿಂಕೆಲ್‌ರೀಡ್, ಆಲ್ಬ್ರೆಕ್ಟ್ ಫೋನ್ ಸ್ಟೈನ್ ಇಬ್ಬರೂ ಅಲ್ಲೇ ಬಿದ್ದರು. ಲಾಂಡ್ಸ್‌ಕ್ನೆಕ್ಟ್‌ಗಳ ಯುದ್ಧರೀತಿಯೇ ಸ್ವಿಸ್‌ರಿಂದ ಕಲಿತದ್ದು, ಇಬ್ಬರಿಗೂ ತಲೆಮಾರಿನ ಹಗೆ. ಹಾಗಾಗಿ ಈ ದಿನದ ಹೆಸರು ಹೇಳಿದರೆ ಯಾವ ಮುದುಕ ಸೈನಿಕನ ಎದೆಯೂ ಉಬ್ಬುತ್ತದೆ.

ಪಾವಿಯಾ 1525ರ ಫೆಬ್ರವರಿ 24. ಈ ಸಲ ಕೈ ಖಾಲಿಯಾಗಿದ್ದು ಚಕ್ರವರ್ತಿಯ ಕಡೆಯವರದು. ಇನ್ನು ಕೆಲವು ದಿನ ಕಾದರೆ ಪಡೆ ಚದುರಿಹೋಗುತ್ತದೆ ಎಂಬ ಭಯದಲ್ಲೇ ರಾತ್ರಿ ಬೇಟೆವನದ ಗೋಡೆ ಒಡೆದು ನುಗ್ಗಿದರು. ಕತ್ತಲಲ್ಲಿ ಗುರುತಿಗೆ ಬಿಳಿ ಅಂಗಿ. ಫ್ರೆಂಚ್ ರಾಜ ಒಂದನೇ ಫ್ರಾನ್ಸಿಸ್ ಸೆರೆಸಿಕ್ಕ. ಫ್ರೆಂಚರ ಪರ ‘ಕಪ್ಪು ಪಡೆ’ ಎಂಬ ಜರ್ಮನ್ ಲಾಂಡ್ಸ್‌ಕ್ನೆಕ್ಟ್ ತುಕಡಿಯೂ ಇತ್ತು. ಫ್ರುಂಡ್ಸ್‌ಬರ್ಗ್‌ನ ಜನ ತಮ್ಮದೇ ಭಾಷೆಯವರನ್ನು ಎರಡು ಕಡೆಯಿಂದ ಅಮುಕಿ ಮುಗಿಸಿಬಿಟ್ಟರು.

ಎರಡೂ ಸಲ ಬಾಕಿಯ ಸಿಟ್ಟು ಎದುರಿನ ಶತ್ರುವಿನ ಮೇಲೆ ಹರಿಯಿತು. ಆದರೆ ಗೆದ್ದರೆ ಸಾಲ ತೀರುತ್ತಿತ್ತು ಎಂದುಕೊಳ್ಳಬೇಡಿ. ದೊಡ್ಡ ಯುದ್ಧ ಗೆದ್ದರೆ ಆ ತಿಂಗಳು ಅಲ್ಲಿಗೇ ಮುಗಿದಂತೆ, ಮರುದಿನದಿಂದ ಹೊಸ ತಿಂಗಳು ಎಂದು ಲೆಕ್ಕ ಹಿಡಿಯುವ ಪದ್ಧತಿ ಸೈನಿಕರಲ್ಲಿತ್ತು. ಗುತ್ತಿಗೆದಾರನಿಗೆ ಗೆಲುವೂ ಖರ್ಚೇ. 1527ರಲ್ಲಿ ಮಾತ್ರ ಎದುರಿಗೆ ಬಯಲಿನಲ್ಲಿ ನಿಂತು ಕಾದುವ ಶತ್ರುವೇ ಇರಲಿಲ್ಲ. ಮಳೆ, ಹಿಮ, ಕೆಸರು ಇದ್ದವು. ಸಿಟ್ಟಿಗೆ ಸಿಕ್ಕಿದ್ದು ಅವನೊಬ್ಬನೇ.

ಪುಣೆಯ ಇತಿಹಾಸ ಓದಿದವರಿಗೆ ಇದು ಪರಿಚಿತ ದೃಶ್ಯ. ಮರಾಠಾ ದಂಡಿನಲ್ಲೂ ಬಾಕಿ ಸಂಬಳಕ್ಕೆ ಸರದಾರನ ಡೇರೆಯ ಮುಂದೆ ಧರಣಿ ಕೂರುತ್ತಿದ್ದರು. 1803ರಲ್ಲಿ ಅಸಾಯೆಯಲ್ಲಿ ಸಿಂಧಿಯಾನ ಕವಾಯತಿ ಕಾಲಾಳು ನಡೆಸಿದ ಪೋಲ್ಮನ್ ಕೂಡ ಹಾನೋವರ್ ಕಡೆಯ ಜರ್ಮನ್. ಕೂಲಿ ದಳಪತಿಯ ಕಸುಬು ಮುನ್ನೂರು ವರ್ಷದಲ್ಲಿ ಇಲ್ಲಿಯವರೆಗೆ ನಡೆದುಬಂದಿತ್ತು.

ವಾಸ್ಕೋ ನಕಾಶೆ:

1526–27ರ ದಾರಿ ನಾನು ಬರೆಯುತ್ತೇನೆ, ದೃಶ್ಯದ ಹಿನ್ನೆಲೆಗೆ ಬೇಕಾಗುತ್ತದೆ.

ವೆನಿಸ್‌ನವರು, ಅಂದರೆ ಪೋಪನ ಜೊತೆ ಸೇರಿ ಚಕ್ರವರ್ತಿಗೆ ಎದುರಾಗಿದ್ದವರು, ಆಡಿಜೆ ನದಿಯ ಕಣಿವೆದಾರಿ ಕಟ್ಟಿದ್ದರಿಂದ ನವೆಂಬರ್‌ನಲ್ಲಿ ಅವನು ಪಶ್ಚಿಮದ ಬೆಟ್ಟದ ಕಾಲುದಾರಿ ಹಿಡಿದ. ವಯಸ್ಸು 53, ಮೈ ಭಾರ. ಪ್ರಪಾತದ ಅಂಚಿನಲ್ಲಿ ಸೈನಿಕರು ಉದ್ದ ಭರ್ಜಿಗಳನ್ನು ಅಡ್ಡ ಹಿಡಿದು ಕಟಕಟೆ ಮಾಡಿ, ಒಬ್ಬ ಮುಂದೆ ಎಳೆದು ಇನ್ನೊಬ್ಬ ಹಿಂದಿನಿಂದ ತಳ್ಳಿ ಅವನನ್ನು ಹತ್ತಿಸಿದರು ಎಂದು ಅವನ ಕಾರ್ಯದರ್ಶಿ ಆಡಮ್ ರೈಸ್ನರ್ ಬರೆದಿದ್ದಾನೆ. ನವೆಂಬರ್‌ನಲ್ಲಿ ಕಟಕಟೆಯಾದ ಭರ್ಜಿಗಳೇ ಮಾರ್ಚ್‌ನಲ್ಲಿ ಎದೆಗೆ ತಿರುಗುತ್ತವೆ. ಮೇಳದವರೇ, ಇದನ್ನು ಬಿಡಬೇಡಿ.

ಇಳಿದ ಮೇಲೆ ನವೆಂಬರ್ 25ರಂದು ಗೊವೆರ್ನೊಲೊ ಹತ್ತಿರ ಮೆದಿಚಿ ಮನೆತನದ ಜೊವಾನ್ನಿ ಎಂಬ ಇಟಾಲಿಯನ್ ದಳಪತಿ ಅಡ್ಡಗಟ್ಟಿದ. ಫೆರಾರಾದ ಡ್ಯೂಕ್ ಫ್ರುಂಡ್ಸ್‌ಬರ್ಗ್‌ಗೆ ಕಳಿಸಿದ್ದ ಸಣ್ಣ ತೋಪಿನ ಗುಂಡು ಜೊವಾನ್ನಿಯ ಕಾಲಿಗೆ ಬಿತ್ತು. ಕಾಲು ಕತ್ತರಿಸಿದರೂ ಉಳಿಯದೆ ನವೆಂಬರ್ 30ರಂದು ಮಾಂಟುವಾದಲ್ಲಿ ಸತ್ತ. ಫೆಬ್ರವರಿಯಲ್ಲಿ ಪಿಯಾಚೆಂಜಾ ಕಡೆ ಚಕ್ರವರ್ತಿಯದೇ ಇನ್ನೊಬ್ಬ ಸೇನಾಪತಿ ಬೂರ್ಬೋನ್ ಡ್ಯೂಕ್‌ನ ಪಡೆ ಸೇರಿಕೊಂಡಿತು. ಅವನಲ್ಲಿದ್ದ ಸ್ಪ್ಯಾನಿಷರಿಗೂ ಸಂಬಳವಿಲ್ಲ. ಒಂದು ಹಸಿದ ಪಡೆ ಇನ್ನೊಂದು ಹಸಿದ ಪಡೆಯನ್ನು ಕೂಡಿಕೊಂಡಿತು. ಮಾರ್ಚ್ ನಡುವೆ ಬೊಲೊನ್ಯಾ ಹತ್ತಿರ ಮೊದಲು ಎದ್ದವರು ಸ್ಪ್ಯಾನಿಷರು, ಅವರ ಕೂಗು ಜರ್ಮನರಿಗೆ ಹತ್ತಿತು.

ಫ್ರುಂಡ್ಸ್‌ಬರ್ಗ್ ದುಂಡು ಕಟ್ಟಿಸಿ ಮಾತಾಡಿದ. ‘ದುಡ್ಡು, ದುಡ್ಡು’ ಎನ್ನುವುದೊಂದೇ ಉತ್ತರ. ಭರ್ಜಿ ಬಾಗಿದವು. ಅವನು ಪಾರ್ಶ್ವವಾಯು ಬಡಿದು ಮಾತು ನಿಂತು ಡೋಲಿನ ಮೇಲೆ ಕುಸಿದ. ಆ ಕ್ಷಣವೇ ಗದ್ದಲ ಅಡಗಿತು. ಅವನನ್ನು ಫೆರಾರಾಕ್ಕೆ ಹೊತ್ತೊಯ್ದರು. ಪಡೆ ಬೂರ್ಬೋನ್‌ನ ಹಿಂದೆ ದಕ್ಷಿಣಕ್ಕೆ ನಡೆಯಿತು. ಮೇ 6ರಂದು ರೋಮ್‌ನ ಗೋಡೆ ಹತ್ತುವಾಗ ಬೂರ್ಬೋನ್ ಸತ್ತ, ತಡೆಯುವವರಿಲ್ಲದೆ ಊರು ಲೂಟಿಯಾಯಿತು. ಪೋಪ್ 4,00,000 ಡುಕಾಟ್ ದಂಡ ಒಪ್ಪಿಕೊಂಡರೂ ಬಾಕಿ ತೀರದೆ ಪಡೆ 1528ರ ಫೆಬ್ರವರಿವರೆಗೆ ಅಲ್ಲೇ ಕೂತಿತು. ಅವನ ಮಗ ಮೆಲ್ಕಿಯೋರ್ ರೋಮ್‌ನಲ್ಲೇ ತೀರಿಕೊಂಡ. ಅಪ್ಪ ಸಾಲದಲ್ಲಿ ಮುಳುಗಿ ಮಿಂಡೆಲ್‌ಹೈಮ್‌ಗೆ ಮರಳಿ 1528ರ ಆಗಸ್ಟ್ 20ರಂದು ಕಣ್ಣುಮುಚ್ಚಿದ.

ಮಾಟುಂಗಾ ಮೇಳ:

ಕಟಕಟೆ ದೃಶ್ಯ ಸೇರಿಸುತ್ತೇವೆ. ಕೊನೆಯದಾಗಿ ಭರ್ಜಿ, ಡೋಲು ಹೇಗೆ ಮಾಡಿಸಲಿ?

ಠಾಣೆ ಹಾಜರಿಪಟ್ಟಿ:

ಭರ್ಜಿ ಸುಮಾರು 5 ಮೀಟರ್, ಅಂದರೆ 16ರಿಂದ 18 ಅಡಿ, ಆ್ಯಶ್ ಮರದ್ದು. ಗಣಪತಿ ಮಂಟಪಕ್ಕೆ ಕಟ್ಟುವ ಬಿದಿರು ಅಷ್ಟು ಉದ್ದಕ್ಕೆ ಸಿಗುತ್ತದೆ, ಆದರೆ ಅಡ್ಡ ಹಿಡಿದಾಗ ತುದಿ ಜೋಲುತ್ತದೆ. ತೆಳು ತುದಿಯ ಒಂದೆರಡು ಅಡಿ ಕತ್ತರಿಸಿ, ಗೆಣ್ಣು ಉಜ್ಜಿ, 14 ಅಡಿಗೆ ನಿಲ್ಲಿಸಿ. ಮೊನೆ ಅಂಗೈ ಉದ್ದ ಸಾಕು, ಥರ್ಮೋಕೋಲ್‌ಗೆ ಬೆಳ್ಳಿ ಬಣ್ಣ. ನೆಟ್ಟಗೆ ಹಿಡಿದು ವಿಂಗ್‌ನಿಂದ ಬಂದರೆ ಮೇಲಿನ ಲೈಟಿಗೆ ತಗಲುತ್ತದೆ. ಅಡ್ಡವಾಗಿ, ಮೊನೆ ಹಿಂದಕ್ಕೆ ಮಾಡಿ ಹೆಗಲ ಮೇಲೆ ಹೊತ್ತು ಬರಲಿ. ಬಾಗಿಸುವಾಗ ಮುಂದಿನ ಕೈ ಭುಜದ ಎತ್ತರಕ್ಕೆ, ಹಿಂದಿನ ಕೈ ಭರ್ಜಿಯ ಬುಡದ ಹತ್ತಿರ, ಮೊನೆ ತುಸು ಕೆಳಗೆ. ಎಂಟು ಜನ ಸಾಕು, ಮೊನೆಗಳು ಒಂದೇ ಎತ್ತರದಲ್ಲಿ ನಿಲ್ಲಬೇಕು.

ಡೋಲು ಆಳವಾದ ಮರದ್ದು, ಹಗ್ಗ ಬಿಗಿದದ್ದು, ನೆಲಕ್ಕೆ ನಿಲ್ಲಿಸಿದರೆ ಕೂರುವಷ್ಟು ಎತ್ತರ. ಢೋಲ್-ತಾಶಾ ಪಥಕದವರ ಹಳೆಯ ಢೋಲು ನಡೆಯುತ್ತದೆ. ಅದರ ಹಾಳೆಯ ಮೇಲೆ ನೇರ ಕೂತರೆ ಹರಿಯುತ್ತದೆ, ಆದ್ದರಿಂದ ಕೆಳಗಿನ ಹಾಳೆ ಬಿಚ್ಚಿ ಒಳಗೆ ಗಟ್ಟಿ ಸ್ಟೂಲ್ ಇಡಿ. ಸ್ಟೂಲಿನ ಹಲಗೆ ಮೇಲಿನ ಹಾಳೆಗೆ ತಾಗಿರಲಿ. ಅವನು ಕೂರುವುದಕ್ಕೆ ಮುಂಚೆ ಡೋಲಿನವನು ಒಂದು ಪೆಟ್ಟು ಹಾಕಿ ನಿಲ್ಲಿಸಬೇಕೆಂದಿದ್ದರೆ ಆ ಸದ್ದು ಮಂಕಾಗಿರುತ್ತದೆ. ಪೆಟ್ಟು ಒಳಗಿನಿಂದ, ಇನ್ನೊಂದು ಡೋಲಿನಲ್ಲಿ ಹಾಕಿಸಿ.